ಐದು ಸಾವಿರ ದಿರ್ಹಮಿನ ಸಾಲ

2024ರ ಮಳೆಗಾಲದ ಒಂದು ಸಂಜೆ ಬೀಜಾಡಿಯ ನಮ್ಮ ಮನೆಯ ಜಗಲಿಗೆ ಮೂವರು ಬಂದು ಕೂತರು. ಒಬ್ಬರು ನನ್ನ ಅಕ್ಕನ ಗಂಡ, ಇಪ್ಪತ್ತೆರಡು ವರ್ಷ ದುಬೈಯಲ್ಲಿ ಎಸಿ ರಿಪೇರಿ ಮಾಡಿ ಊರಿಗೆ ಮರಳಿದವರು. ಇನ್ನಿಬ್ಬರು ಹತ್ತಿರದ ಮನೆಯ ತಾಯಿ ಮತ್ತು ಮಗ. ಹುಡುಗನ ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತು. ಪೆಟ್ಟಿಗೆ ತೆಗೆದಾಗ ಒಂದು ಲೆಕ್ಕದ ಪುಸ್ತಕ ಸಿಕ್ಕಿತಂತೆ. ಅದರಲ್ಲಿ ಭಾವನ ಹೆಸರು, 2005 ಎಂಬ ಇಸವಿ, ಮುಂದೆ ‘5,000 ದಿರ್ಹಮ್’. ತೀರಿಸಿದ ಗುರುತು ಇಲ್ಲ.

ಏಜೆಂಟನನ್ನು ನಂಬಿ ದುಬೈಗೆ ಹೋಗಿದ್ದ ಆ ಮನುಷ್ಯನಿಗೆ ಹೇಳಿದ ಕೆಲಸ ಸಿಗಲಿಲ್ಲ. ಅಲ್ಲಿ ಮಾಡಿಕೊಂಡ ಸಣ್ಣಪುಟ್ಟ ಬಾಕಿ ತೀರಿಸಿ, ಟಿಕೆಟ್ ಕೊಂಡು ಊರಿಗೆ ಬರಲು ಭಾವ ಕೊಟ್ಟ ದುಡ್ಡು ಅದು. ಮತ್ತೆ ಇಬ್ಬರೂ ಆ ಮಾತೆತ್ತಿರಲಿಲ್ಲ. ಈಗ ಮಗ ಒಂದು ಲಕೋಟೆ ತಂದಿದ್ದ. ಅದರಲ್ಲಿ ಅರವತ್ತು ಸಾವಿರ ರೂಪಾಯಿ. 2005ರಲ್ಲಿ ದಿರ್ಹಮ್ ಒಂದಕ್ಕೆ ಸುಮಾರು ಹನ್ನೆರಡು ರೂಪಾಯಿ ಇತ್ತು ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದ. ದಾರಿಯಲ್ಲಿ ಬರುವಾಗ ಮಾತ್ರ ಅವನಿಗೆ ಅನುಮಾನ ಹುಟ್ಟಿತ್ತು.

“ಮಾಷ್ಟ್ರೆ, ಈಗಿನ ಲೆಕ್ಕದಗೆ ಇದ್ ಸಾಕಾತ್ತಾ? ನೀವೇ ಹೇಳಿ” ಎಂದ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಗುಣಾಕಾರದ ಪ್ರಶ್ನೆ ಎಂದೇ ಶುರುಮಾಡಿದೆ. ಹತ್ತು ನಿಮಿಷದಲ್ಲಿ ಇದು ಗುಣಾಕಾರದ ಪ್ರಶ್ನೆಯಲ್ಲ ಎಂದು ತಿಳಿಯಿತು.

ಮೊದಲ ಉತ್ತರ ಕಾನೂನಿನದು. ಕೊಟ್ಟ ಸಾಲವನ್ನು ಕೋರ್ಟಿನಲ್ಲಿ ಕೇಳಲು 1963ರ ಕಾಲಮಿತಿ ಕಾಯಿದೆ ಕೊಡುವ ಅವಧಿ ಮೂರು ವರ್ಷ. ಹತ್ತೊಂಬತ್ತು ವರ್ಷ ಕಳೆದ ಮೇಲೆ ಯಾವ ನ್ಯಾಯಾಧೀಶನೂ ಈ ಹುಡುಗನಿಂದ ಒಂದು ರೂಪಾಯಿ ಕೊಡಿಸಲಾರ. ಹಾಗಾಗಿ ಉತ್ತರ ಸೊನ್ನೆ.

ಎರಡನೆಯದು ಹುಡುಗ ತಂದ ಉತ್ತರ: ಅಂದಿನ ದರದಲ್ಲಿ ಅರವತ್ತು ಸಾವಿರ. ಮೂರನೆಯದು ಇಂದಿನ ದರದ್ದು. ಆ ದಿನಗಳಲ್ಲಿ ದಿರ್ಹಮ್ ಇಪ್ಪತ್ತೆರಡು, ಇಪ್ಪತ್ತಮೂರು ರೂಪಾಯಿಯ ನಡುವೆ ಆಡುತ್ತಿತ್ತು. ಆ ಲೆಕ್ಕದಲ್ಲಿ ಒಂದು ಲಕ್ಷ ಹತ್ತು ಸಾವಿರದ ಮೇಲೆ.

ನಾಲ್ಕನೆಯ ಉತ್ತರ ಒಳಗಿನಿಂದ ಬಂತು. ಚಾ ತಂದ ಅಕ್ಕ, “ಆ ದುಡ್ಡು ಊರಿಗೆ ಬಂದಿದ್ರೆ ನಾನು ಚಿನ್ನ ಮಾಡಿಸ್ತಿದ್ದೆ” ಎಂದಳು. 2005ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಏಳು ಸಾವಿರದ ಆಸುಪಾಸು. ಅರವತ್ತು ಸಾವಿರಕ್ಕೆ ಹತ್ತು ಪವನು ಬಂದು ಮೇಲೆ ಸ್ವಲ್ಪ ಉಳಿಯುತ್ತಿತ್ತು. 2024ರ ಆ ದಿನಗಳಲ್ಲಿ ಹತ್ತು ಗ್ರಾಂಗೆ ಎಪ್ಪತ್ತು ಸಾವಿರ. ಅಂದರೆ ಆರು ಲಕ್ಷದ ಹತ್ತಿರ. ಹುಡುಗನ ಮುಖ ಬಿಳಿಚಿತು. ಅಕ್ಕನಿಗೂ ತಾನು ಹೇಳಿದ್ದು ಅತಿಯಾಯಿತು ಅನಿಸಿರಬೇಕು, ಲೋಟ ಇಟ್ಟು ಒಳಗೆ ಹೋದಳು.

ಒಂದೇ ಸಾಲ. ಉತ್ತರ ಸೊನ್ನೆಯಿಂದ ಆರು ಲಕ್ಷದವರೆಗೆ. ಯಾವುದರಲ್ಲೂ ಲೆಕ್ಕದ ತಪ್ಪಿಲ್ಲ.

ಎರಡು ದೇಶದ ಎರಡು ದುಡ್ಡು ಅಂದ ಮೇಲೆ ಈ ತಾಪತ್ರಯ ಇದ್ದದ್ದೇ ಎನ್ನಬಹುದು. ಒಂದು ಕಾಲದಲ್ಲಿ ಹಾಗಿರಲಿಲ್ಲ. ದುಬೈ, ಕುವೈತ್, ಬಹರೈನ್‌ಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ರೂಪಾಯಿ ಅಲ್ಲಿಗೆ ಹೋಗಿ ಚಿನ್ನವಾಗಿ ಕಳ್ಳದಾರಿಯಲ್ಲಿ ಮರಳುತ್ತಿದ್ದುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಆ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು. ಅದರ ನಂಬರಿನ ಹಿಂದೆ ‘ಝಡ್’ ಅಕ್ಷರ ಇರುತ್ತಿತ್ತು. ಬೆಲೆ ಮಾತ್ರ ನಮ್ಮ ರೂಪಾಯಿಯದ್ದೇ. 1966ರ ಜೂನ್ 6ರಂದು ದಿಲ್ಲಿ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ದುಬೈಯ ವ್ಯಾಪಾರಿಯ ಗಲ್ಲೆಯಲ್ಲಿದ್ದ ಅದೇ ನೋಟು, ಅವನು ಏನೂ ತಪ್ಪು ಮಾಡದೆ, ಒಂದೇ ರಾತ್ರಿಯಲ್ಲಿ ಸವೆಯಿತು. ಕುವೈತ್ ಮತ್ತು ಬಹರೈನ್ ಅಷ್ಟರೊಳಗೆ ತಮ್ಮದೇ ದಿನಾರ್ ಮಾಡಿಕೊಂಡಿದ್ದವು. ಅದೇ ವರ್ಷ ಕತಾರ್ ಮತ್ತು ದುಬೈ ಸೇರಿ ತಮ್ಮ ರಿಯಾಲ್ ತಂದವು. ದಿರ್ಹಮ್ ಬಂದದ್ದು 1973ರಲ್ಲಿ.

ಅಂದು ಅಲ್ಲಿ ರೂಪಾಯಿ ಸಾಲ ಕೊಟ್ಟಿದ್ದವನಿಗೂ ನಮ್ಮ ಜಗಲಿಯ ಪ್ರಶ್ನೆಯೇ ಎದುರಾಗಿರಬೇಕು. ಹಿಂದೆ ಬರಬೇಕಾದ್ದು ನೋಟಿನ ಮೇಲಿನ ಸಂಖ್ಯೆಯೋ, ಆ ಸಂಖ್ಯೆ ಅಂದು ಕೊಂಡುಕೊಳ್ಳುತ್ತಿದ್ದ ವಸ್ತುವೋ? ನಮ್ಮ ನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರ ಒಂದು ವಚನ ಇದೆ, ನೋಟು ಹಿಡಿದವನಿಗೆ ನೂರು ರೂಪಾಯಿ ಕೊಡುತ್ತೇನೆ ಎಂದು. ಆ ನೂರಕ್ಕೆ ಎಷ್ಟು ಅಕ್ಕಿ ಬರುತ್ತದೆ ಎಂಬ ವಚನ ಅದರಲ್ಲಿಲ್ಲ. ಸರಕಾರದ ಮಾತು ಸಂಖ್ಯೆಯ ಮಾತು, ಅದಕ್ಕೆ ಅಷ್ಟೇ ಸಾಧ್ಯ. ಮನುಷ್ಯ ಮನುಷ್ಯನಿಗೆ ಕೊಡುವ ಮಾತೂ ಅಷ್ಟೇ ಏನು?

ಭಾವ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, “ನಂಗೆ ಅರ್ವತ್ತೇ ಸಾಕ್. ದರ ಏರಿದ್ದಕ್ಕೆ ನಾನೂ ಬೆವರ್ ಸುರ್ಸಲಿಲ್ಲ, ಅವ್ನೂ ಸುರ್ಸಲಿಲ್ಲ” ಎಂದರು.

ಒಳ್ಳೆಯ ಮಾತು. ಆದರೆ ಪೂರ್ತಿ ಸರಿಯಲ್ಲ. ದಿರ್ಹಮ್ ಏರಿದ್ದೇ ಇಲ್ಲ. 1997ರಿಂದ ಅದು ಡಾಲರಿಗೆ 3.6725ರಂತೆ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ನಿಂತಲ್ಲೇ ನಿಂತಿದೆ. ಇಳಿದದ್ದು ನಮ್ಮ ರೂಪಾಯಿ. ಭಾವ ಅರವತ್ತು ಸಾವಿರ ತೆಗೆದುಕೊಂಡರೆ ಲಾಭ ಬಿಟ್ಟಂತಲ್ಲ, ಕೊಟ್ಟದ್ದರಲ್ಲಿ ಅರ್ಧ ಕಳೆದುಕೊಂಡಂತೆ.

ಇಲ್ಲಿ ನನಗೆ ನೆನಪಾದದ್ದು ಭಾವ ದುಬೈಯಲ್ಲಿ ಬದುಕಿದ ರೀತಿ. ಆ ವರ್ಷದ ಆರಂಭದಲ್ಲಿ ನಾನು ಮಗನ ಮನೆಗೆಂದು ಮೊದಲ ಸಲ ದುಬೈಗೆ ಹೊರಟಾಗ ಅವರು ಹೇಳಿಕೊಟ್ಟ ಪಾಠ ದೊಡ್ಡದು. ಇಲ್ಲಿಂದ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ರೂಪಾಯಿ ನೋಟು ಒಯ್ಯುವಂತಿಲ್ಲ. ಎಲ್ಲ ದುಡ್ಡನ್ನೂ ಒಂದೇ ಕಿಸೆಯಲ್ಲಿ ಇಡಬೇಡ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಟ್ಯಾಕ್ಸಿಗೆ ಬೇಕಾದಷ್ಟೇ ಬದಲಿಸು, ಉಳಿದದ್ದನ್ನು ಪೇಟೆಯಲ್ಲಿ ನಾಲ್ಕು ಕಡೆ ದರ ಕೇಳಿ ಬದಲಿಸು. ಬೋರ್ಡಿನಲ್ಲಿ ಎರಡು ದರ ಇರುತ್ತವೆ, ಅವರು ಕೊಳ್ಳುವುದು ಮತ್ತು ಅವರು ಮಾರುವುದು. ನಡುವಿನ ಅಂತರವೇ ಅವರ ಅನ್ನ, ಅದಕ್ಕೆ ಸಿಟ್ಟು ಮಾಡಬೇಡ, ಎಷ್ಟು ಎಂದು ಮಾತ್ರ ನೋಡಿಕೋ. ಕೊನೆಯ ಪಾಠ: “ಅಲ್ಲಿ ಇಪ್ಪಷ್ಟ್ ದಿನ ಗುಣ್ಸ್‌ಬೇಡ. ಗುಣ್ಸ್‌ರೆ ಚಾ ಸಹ ಕುಡೂಕಾತಿಲ್ಲ.”

ನಾನು ಗುಣಿಸಿದೆ. ಒಂದು ದಿರ್ಹಮಿನ ಚಾ ನಾಲಿಗೆಗೆ ಇಪ್ಪತ್ತಮೂರು ರೂಪಾಯಿಯ ಹಾಗೇ ತಾಗಿತು. ನಾಲ್ಕು ವಾರ ಇದ್ದು ಬರುವವನಿಗೆ ಇದೊಂದು ತಮಾಷೆ. ಆದರೆ ನನಗೆ ಗುಣಿಸಬೇಡ ಎಂದ ಭಾವ ಇಪ್ಪತ್ತೆರಡು ವರ್ಷ ಪ್ರತಿದಿನ ಗುಣಿಸಿದವರು. ಒಂದು ಚಾ ಕುಡಿಯದಿದ್ದರೆ ಹನ್ನೆರಡು ರೂಪಾಯಿ. ಬಸ್ಸು ಬಿಟ್ಟು ನಡೆದರೆ ಇಷ್ಟು. ಒಂದು ಕೋಣೆಯಲ್ಲಿ ಎಂಟು ಜನ ಮಲಗಿದರೆ ಇಷ್ಟು. ಕರಾವಳಿಯ ಎಷ್ಟೋ ಮನೆಗಳ ತಾರಸಿ ಎದ್ದದ್ದು ಈ ಗುಣಾಕಾರದಿಂದ. ದುಡ್ಡು ವಿನಿಮಯದ ಅಂಗಡಿಯಲ್ಲಿ ಬದಲಾಗುವ ಮೊದಲು ಅವರ ಹೊಟ್ಟೆಯಲ್ಲಿ, ಕಾಲಿನಲ್ಲಿ ಬದಲಾಗುತ್ತಿತ್ತು.

2005ರಲ್ಲಿ ಭಾವನ ಸಂಬಳ ಸಾವಿರದ ಏಳುನೂರು ದಿರ್ಹಮ್. ಐದು ಸಾವಿರ ಎಂದರೆ ಸುಮಾರು ಮೂರು ತಿಂಗಳ ದುಡಿಮೆ. ಯಾವುದೇ ವಸ್ತುವಿನ ನಿಜವಾದ ಬೆಲೆ ಅದನ್ನು ಪಡೆಯಲು ಪಟ್ಟ ಶ್ರಮ ಎಂದು ಆಡಮ್ ಸ್ಮಿತ್ 1776ರಲ್ಲೇ ವಾದಿಸಿದ್ದ. ಹಾಗೆ ನೋಡಿದರೆ ಭಾವ ಕೊಟ್ಟದ್ದು ಅರವತ್ತು ಸಾವಿರ ರೂಪಾಯಿಯಲ್ಲ. ರೂಪಾಯಿ ಅಲ್ಲಿ ಇರಲೇ ಇಲ್ಲ. ಪಡೆದವನು ಬಾಕಿ ತೀರಿಸಿದ್ದು, ಟಿಕೆಟ್ ಕೊಂಡದ್ದು ದಿರ್ಹಮಿನಲ್ಲಿ. ಅಕ್ಕನ ಚಿನ್ನವೂ ಅಲ್ಲಿರಲಿಲ್ಲ. ಅದು ಹೀಗೆ ಮಾಡಬಹುದಾಗಿತ್ತು ಎಂಬ ಆಸೆ. ಆಸೆಯನ್ನು ಸಾಲದ ಪುಸ್ತಕದಲ್ಲಿ ಬರೆದರೆ ಯಾರ ಸಾಲವೂ ತೀರುವುದಿಲ್ಲ, ಯಾರೂ ಕೈಯೆತ್ತಿ ಕೊಡುವುದೂ ಇಲ್ಲ. ಕಷ್ಟದಲ್ಲಿದ್ದವನಿಗೆ ಕೊಟ್ಟ ದುಡ್ಡು ಹೂಡಿಕೆಯಾಗಿ ಬಿಡುತ್ತದೆ.

ಹಾಗಾಗಿ ನನ್ನ ತೀರ್ಮಾನ ಹೇಳಿದೆ: ಯಾವ ನಾಣ್ಯದಲ್ಲಿ ಒಬ್ಬನ ಬೆವರು ಇನ್ನೊಬ್ಬನ ಕಷ್ಟಕ್ಕೆ ಒದಗಿತೋ, ಸಾಲ ಆ ನಾಣ್ಯದಲ್ಲೇ ಇದೆ. ಐದು ಸಾವಿರ ದಿರ್ಹಮ್. ಊರಿನಲ್ಲೇ ಇರುವ ನಾವು ನಾವೇ ದಿರ್ಹಮ್ ನೋಟು ಕೊಟ್ಟು ತೆಗೆದುಕೊಳ್ಳಲು ಕಾನೂನು ಒಪ್ಪುವುದಿಲ್ಲ, ವಿದೇಶಿ ದುಡ್ಡಿನ ವ್ಯವಹಾರ ಪರವಾನಗಿ ಇದ್ದವರ ಮೂಲಕವೇ ಆಗಬೇಕು. ಆದ್ದರಿಂದ ಕೊಡುವ ದಿನದ ದರದಲ್ಲಿ ರೂಪಾಯಿ.

ಭಾವ ಒಪ್ಪಲಿಲ್ಲ. ಗಂಡ ಸತ್ತ ಮನೆಯಿಂದ ಲಕ್ಷ ರೂಪಾಯಿ ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಸಂಕಟ. ಆಗ ಅಷ್ಟು ಹೊತ್ತೂ ಮಾತಾಡದ ಆ ತಾಯಿ ಹೇಳಿದರು: “ಪುಸ್ತಕದಗೆ ಇವ್ರ್ ರೂಪಾಯಿ ಅಂದೇಳಿ ಬರೀಲಿಲ್ಲ. ದಿರ್ಹಮ್ ಅಂತ್ಲೇ ಬರ್ದಿರ್. ಅಷ್ಟ್ ಕೊಟ್ರೇ ಅವ್ರ ಋಣ ಹರೂದ್.”

ಭಾವ ತಲೆ ತಗ್ಗಿಸಿದರು. ನನಗೂ ಅಲ್ಲಿಯವರೆಗೆ ಹೊಳೆಯದ ಸಂಗತಿ ಅದು. ಕೊಟ್ಟವನಿಗೆ ಬಿಟ್ಟುಬಿಡುವ ಹಕ್ಕಿರುವ ಹಾಗೆ ಪಡೆದವನಿಗೆ ಪೂರ್ತಿ ತೀರಿಸುವ ಹಕ್ಕೂ ಇದೆ. ಅರ್ಧ ಸಾಲ ಮನ್ನಾ ಮಾಡಿದರೆ ಆ ಮನೆಯವರು ಉಳಿದರ್ಧವನ್ನು ಹೊತ್ತುಕೊಂಡೇ ನಮ್ಮ ಮನೆಯ ಮುಂದೆ ಓಡಾಡಬೇಕು. ಔದಾರ್ಯಕ್ಕೂ ಒಂದು ವಿನಿಮಯ ದರ ಇದೆ, ಅದನ್ನು ಇನ್ನೊಬ್ಬರು ತೆರುತ್ತಾರೆ.

ಇನ್ನು ಉಳಿದದ್ದು ಯಾವ ದರ ಎಂಬುದು. ಹುಡುಗ ಮೊಬೈಲಿನಲ್ಲಿ ನೋಡಿ, “ಮಾರೂ ದರ ಇಪ್ಪತ್ತಮೂರ್. ನಾ ದಿರ್ಹಮ್ ತಕಂಡ್ ಕೊಡ್ಕಾರೆ ಅಷ್ಟ್ ಆತ್ತಿತ್ತ್” ಎಂದ. ಭಾವ ಥಟ್ಟನೆ, “ಇಲ್ಲ, ಕೊಂಬೂ ದರ ಇಪ್ಪತ್ತೆರಡ್. ನಂಗೆ ದಿರ್ಹಮ್ ಕೊಟ್ಟಿದ್ರೂ ನಾ ಮಾರೂಕೆ ಹೋರೆ ಅಷ್ಟೇ ಸಿಕ್ತಿತ್ತ್” ಎಂದರು. ನಡುವೆ ಐದು ಸಾವಿರ ರೂಪಾಯಿ. ಬಂಗುಡೆಗೆ ಐದು ರೂಪಾಯಿ ಕಡಿಮೆ ಮಾಡಲು ಕಾಲು ಗಂಟೆ ಜಗಳ ಆಡುವ ಊರಿನಲ್ಲಿ ಒಬ್ಬ ಹೆಚ್ಚು ಕೊಡುತ್ತೇನೆಂದು, ಇನ್ನೊಬ್ಬ ಕಡಿಮೆ ಸಾಕೆಂದು ಚರ್ಚೆ ಮಾಡುತ್ತ ಕೂತರು. ಮಳೆ ಬಿಟ್ಟಿತ್ತು. ಅಕ್ಕ ಎರಡನೆಯ ಸಲ ಚಾ ತಂದಳು.

ಇಪ್ಪತ್ತೆರಡೂವರೆ ಎಂದು ನಾನೇ ಮುಗಿಸಿದೆ.