ರುಜುವಿಗೊಂದು ರುಜುವಾತು

ಕನ್ನಡದಲ್ಲಿ ಸಹಿಗೆ ರುಜು ಎನ್ನುತ್ತೇವೆ, ಪುರಾವೆಗೆ ರುಜುವಾತು ಎನ್ನುತ್ತೇವೆ. ಸಹಿ ಬಿದ್ದ ಮೇಲೆ ಬೇರೆ ಪುರಾವೆ ಏಕೆ ಎಂಬ ನಂಬಿಕೆಯಲ್ಲೇ ಸಾಲಪತ್ರದಿಂದ ಹಿಡಿದು ಮದುವೆ ನೋಂದಣಿಯವರೆಗೆ ನಮ್ಮ ವ್ಯವಹಾರ ನಡೆಯುತ್ತದೆ. ಆದರೆ ಹೆಸರಾಂತ ಆಟಗಾರನ ಆಟೋಗ್ರಾಫ್ ಮಾರುಕಟ್ಟೆಗೆ ಬಂದ ಕೂಡಲೇ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ರುಜುವಿಗೇ ರುಜುವಾತು ಬೇಕು.

ಅಮೆರಿಕದ ಬೇಸ್‌ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ. 1990ರ ದಶಕದಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್ ತಂಡದ ಟೋನಿ ಗ್ವಿನ್, ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ಹೆಸರಿನಲ್ಲಿದ್ದ ಸಹಿಗಳನ್ನು ನೋಡಿ, ಇವು ತಾವು ಹಾಕಿದವಲ್ಲ ಎಂದು ಗುರುತಿಸಿದರು. ಆ ದಶಕದ ಕೊನೆಗೆ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ದೊಡ್ಡದೊಂದು ಖೋಟಾ ಜಾಲವೇ ಬಯಲಾಯಿತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಹೆಸರಿನ ಸಹಿಯಿದ್ದ ಬೇಸ್‌ಬಾಲ್ ಕೂಡ ಇತ್ತು! ನಗು ಬರುತ್ತದೆ, ನಿಜ. ಆದರೆ ನಗಲಾಗದ ಸಂಗತಿಯೂ ಅಲ್ಲಿತ್ತು: ಇದು ಅಸಲಿ ಎಂದು ಸಾರುವ ಪ್ರಮಾಣಪತ್ರಗಳೂ ಖೋಟಾ ಆಗಿದ್ದವು.

ಪರಿಣತರು ಸಹಿಯನ್ನು ಪರೀಕ್ಷಿಸುವ ಬಗೆ ಕುತೂಹಲಕರವಾಗಿದೆ. ತನ್ನ ಹೆಸರನ್ನು ತಾನೇ ಬರೆಯುವವನ ಕೈ ಓಡುತ್ತದೆ. ನಕಲು ಮಾಡುವವನ ಕೈ ಚಿತ್ರ ಬಿಡಿಸುತ್ತದೆ. ಆದ್ದರಿಂದ ಗೆರೆ ತಡವರಿಸಿದ ಜಾಗ, ಲೇಖನಿ ಎತ್ತಿ ಮತ್ತೆ ಇಟ್ಟ ಜಾಗ, ಒಂದೇ ಸಮನಾದ ಒತ್ತಡ, ಇವನ್ನೆಲ್ಲ ಹುಡುಕುತ್ತಾರೆ. ವಸ್ತುವೂ ಸಾಕ್ಷಿ ಹೇಳುತ್ತದೆ. ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಶಾರ್ಪಿ ಪೆನ್ನು ಬಂದದ್ದು 1964ರಲ್ಲಿ. ಶಾರ್ಪಿಯಲ್ಲಿ ಬರೆದ ಬೇಬ್ ರೂತ್ ಸಹಿಯನ್ನು ತಳ್ಳಿಹಾಕಲು ಭೂತಗನ್ನಡಿಯೂ ಬೇಡ.

ಇದೆಲ್ಲ ಪತ್ತೇದಾರಿಯ ಮಾತಾಯಿತು. ನಿಜವಾದ ಪ್ರಶ್ನೆ ಇದರಾಚೆಗಿದೆ. ಯಾವ ಪರಿಣತನಿಗೂ ಪತ್ತೆಯಾಗದಂಥ ನಕಲು ಒಂದಿದ್ದರೆ, ಅದಕ್ಕೂ ಅಸಲಿಗೂ ವ್ಯತ್ಯಾಸವೇನು? ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರ ತಮ್ಮ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ ಪುಸ್ತಕದಲ್ಲಿ ವರ್ಣಚಿತ್ರಗಳ ಬಗ್ಗೆ ಇಂಥದೇ ಪ್ರಶ್ನೆ ಎತ್ತಿದ್ದರು. ಇವತ್ತು ವ್ಯತ್ಯಾಸ ಕಾಣದಿದ್ದರೂ, ಒಂದು ಅಸಲಿ ಇನ್ನೊಂದು ನಕಲಿ ಎಂಬ ತಿಳಿವಳಿಕೆಯೇ ನಾವು ನೋಡುವ ರೀತಿಯನ್ನು ಬದಲಿಸುತ್ತದೆ, ನಾಳೆ ನಮ್ಮ ಕಣ್ಣು ಇನ್ನಷ್ಟು ಪಳಗಬಹುದು ಎಂಬುದು ಅವರ ವಾದ. ಆದರೆ ಆಟೋಗ್ರಾಫಿಗೆ ಈ ಉತ್ತರ ಸಾಲದು. ಯಾರೂ ಅಕ್ಷರದ ಅಂದಕ್ಕಾಗಿ ಆಟಗಾರನ ಸಹಿ ಕೇಳುವುದಿಲ್ಲ. ನಮಗೆ ಬೇಕಿರುವುದು ‘ಈ ಕೈ ಇಲ್ಲಿ ಒಂದು ಕ್ಷಣ ನಿಂತಿತ್ತು’ ಎಂಬ ಸಂಗತಿ. ಹಸ್ತಾಕ್ಷರ ಎಂಬ ಪದದಲ್ಲಿ ಮೊದಲು ಬರುವುದೂ ಹಸ್ತವೇ.

ಬೇಸ್‌ಬಾಲಿನಲ್ಲಿ ಇನ್ನೊಂದು ಪದ್ಧತಿಯಿತ್ತು. ತಾರೆಯರ ಪರವಾಗಿ ಅವರ ಕೊಠಡಿಯ ಸಹಾಯಕರೇ ಚೆಂಡುಗಳಿಗೆ ಸಹಿ ಗೀಚಿ ಕಳುಹಿಸುತ್ತಿದ್ದರು. ಅಂಥ ಚೆಂಡೊಂದನ್ನು ಒಬ್ಬ ಹುಡುಗ ಜೀವಮಾನವಿಡೀ ಜೋಪಾನ ಮಾಡಿದ ಎಂದುಕೊಳ್ಳಿ. ಅವನ ಸಂತೋಷ ಸುಳ್ಳೇ? ಸಂತೋಷ ನಿಜ, ಅದನ್ನು ಯಾರೂ ಕಸಿಯಲಾರರು. ಹಾಗಾದರೆ ಅವನಿಗಾದ ಅನ್ಯಾಯವೇನು? ತನ್ನ ನಾಯಕ ತನಗಾಗಿ ಒಂದು ಗಳಿಗೆ ತೆಗೆದಿಟ್ಟ ಎಂದು ಅವನು ನಂಬಿದ್ದ. ಆ ಗಳಿಗೆ ಇರಲೇ ಇಲ್ಲ. ಬೇರೆಯವರು ಬರೆದುಕೊಟ್ಟ ಪ್ರೇಮಪತ್ರದಲ್ಲಿ ಆಗುವ ಮೋಸವೂ ಇದೇ ಜಾತಿಯದು. ನಷ್ಟವನ್ನು ಹಣದಲ್ಲಿ ಅಳೆಯಲು ಬರುವುದಿಲ್ಲ.

ಹಾಗೆಂದು ಅಸಲಿಯಾದದ್ದೆಲ್ಲ ಬೆಲೆಬಾಳುವುದೂ ಅಲ್ಲ. ಹಣ ಪಡೆದು, ತಲೆಯೆತ್ತದೆ, ಒಂದರ ಹಿಂದೊಂದು ನೂರಾರು ಚೆಂಡುಗಳಿಗೆ ಹಾಕಿದ ಸಹಿಯೂ ಅಸಲಿಯೇ. ಡಾನ್ ಬ್ರಾಡ್ಮನ್ ನಿವೃತ್ತಿಯ ನಂತರವೂ ದಶಕಗಳ ಕಾಲ ಅಭಿಮಾನಿಗಳ ಪತ್ರಗಳಿಗೆ ಕೂತು ಉತ್ತರಿಸಿದರು, ಸಹಿ ಹಾಕಿ ಕಳಿಸಿದರು. ಅದರಿಂದಾಗಿಯೇ ಅವರ ಸಹಿ ಅಪರೂಪದ್ದಲ್ಲ. ಮಾರುಕಟ್ಟೆಯ ನ್ಯಾಯ ನೋಡಿ: ಧಾರಾಳಿಯ ಸಹಿ ಅಗ್ಗ, ಜಿಪುಣನ ಸಹಿ ತುಟ್ಟಿ. ಮೊಹಮ್ಮದ್ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾದದ್ದು 1984ರಲ್ಲಿ. ಆಮೇಲೆ ವರ್ಷ ಕಳೆದಂತೆ ಅವರ ಸಹಿ ಕುಗ್ಗಿತು, ನಡುಗಿತು. ಕಣ್ಣಿಗೆ ಒಪ್ಪುವುದು ರಿಂಗಿನ ದಿನಗಳ ದಿಟ್ಟ ಸಹಿಯೇ ಇರಬಹುದು. ಆದರೆ ಮಾತು ಕೇಳದ ಕೈಯಿಂದ ಅಪರಿಚಿತನೊಬ್ಬನಿಗಾಗಿ ತನ್ನ ಹೆಸರು ಬರೆದಾಗ ಆ ಮನುಷ್ಯ ಕೊಟ್ಟದ್ದು ಹೆಚ್ಚೋ ಕಡಿಮೆಯೋ? ಬೆಲೆ ವಿರಳತೆಯನ್ನು ಎಣಿಸುತ್ತದೆ. ಮೌಲ್ಯ ಕೊಟ್ಟವನ ಶ್ರಮವನ್ನೂ ಮನಸ್ಸನ್ನೂ ಎಣಿಸುತ್ತದೆ.

ಇನ್ನು ರುಜುವಾತಿನ ಕಥೆ ಎಲ್ಲಿಗೆ ಬಂತು? ಪ್ರಮಾಣಪತ್ರವನ್ನೂ ಖೋಟಾ ಮಾಡಬಹುದು ಎಂದಾದ ಮೇಲೆ, 2001ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಹೊಸ ಏರ್ಪಾಡು ಮಾಡಿತು. ಸಹಿ ಹಾಕುವಾಗ ಒಬ್ಬ ಸಾಕ್ಷಿ ಪಕ್ಕದಲ್ಲೇ ಇದ್ದು ನೋಡುತ್ತಾನೆ, ಆಮೇಲೆ ಅದರ ಮೇಲೆ ಸಂಖ್ಯೆಯುಳ್ಳ ಹಾಲೊಗ್ರಾಮ್ ಅಂಟಿಸಲಾಗುತ್ತದೆ. ತಂತ್ರಜ್ಞಾನ ಹೊಳೆಯುತ್ತದೆ, ಸರಿ. ಅದರ ಒಳಗಿರುವುದು ಮಾತ್ರ ನಮ್ಮ ಪಂಚಾಯಿತಿ ಕಟ್ಟೆಯಷ್ಟೇ ಹಳೆಯ ಮಾತು: ‘ನಾನು ಕಂಡೆ.’

ಅಲ್ಲಿಗೆ ಸುತ್ತಿ ಬಳಸಿ ನಾವು ಮನುಷ್ಯನ ಮಾತಿಗೇ ಬಂದು ನಿಲ್ಲುತ್ತೇವೆ. ಸ್ಟೇಡಿಯಮ್ಮಿನ ಗೇಟಿನ ಬಳಿ, ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಪಡೆದ ಸಹಿಗೆ ಹಾಲೊಗ್ರಾಮ್ ಇರುವುದಿಲ್ಲ. ಅದಕ್ಕಿರುವ ಒಂದೇ ಆಧಾರ ಪಡೆದವನ ನಾಲಿಗೆ. ಅವನು ಅದನ್ನು ಮೊಮ್ಮಗಳಿಗೆ ಕೊಡುವಾಗ, ಕಂಡದ್ದನ್ನು ಕಂಡಷ್ಟೇ ಹೇಳಿದರೆ ಆ ಚೀಟಿಗೆ ಜೀವ ಉಳಿಯುತ್ತದೆ. ಕಥೆಗೆ ಒಂದು ಗರಿ ಸೇರಿಸಿದರೂ, ಶಾಯಿ ಅಸಲಿಯಾಗಿದ್ದೂ ಆ ಸಹಿ ಅರ್ಧ ಖೋಟಾ ಆದಂತೆ. ಬರೆದವನ ಕೈ ಎಷ್ಟು ಮುಖ್ಯವೋ ಕಾಪಾಡಿದವನ ಮಾತೂ ಅಷ್ಟೇ ಮುಖ್ಯ.