ಹೆಣ್ಣು ಬರೆದ ಹಾಡು ಯಾರದು?

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸ್ಕೂಲಿನಲ್ಲಿ ನಮ್ಮ ಶಿಬಿರ ನಡೆದಿತ್ತು. ಹಗಲೆಲ್ಲ ಭಾಷಣ, ಚರ್ಚೆ. ರಾತ್ರಿ ಉಂಡಾದ ಮೇಲೆ ಹಾಡು. ತಮಟೆ ಕಾಯಿಸಿಕೊಂಡು ಕೂತಿದ್ದೆವು. ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು, 'ನಾನೇ ಕಟ್ಟಿದ್ದು ಅಣ್ಣಾ' ಅಂತ ಹೇಳಿ ಹಾಡಿದಳು. ಹಾಡಿನಲ್ಲಿ ಬೆಳಗಿನ ಬಸ್ಸಿತ್ತು, ಕಿಟಕಿ ಪಕ್ಕದ ಸೀಟಿತ್ತು, ಊರು ಹಿಂದೆ ಹಿಂದೆ ಸರಿಯುವುದಿತ್ತು. ಅಷ್ಟೆ. ಮುಗಿದ ಮೇಲೆ ನಮ್ಮಲ್ಲೇ ಒಬ್ಬರು ಕೇಳಿದರು: 'ಚೆನ್ನಾಗಿದೆ ತಂಗಿ, ಆದರೆ ಇದರಲ್ಲಿ ಹೋರಾಟ ಎಲ್ಲಿದೆ? ಹೆಣ್ಣಿನ ನೋವು ಎಲ್ಲಿದೆ?' ಹುಡುಗಿ ತಲೆ ತಗ್ಗಿಸಿ ಕೂತುಬಿಟ್ಟಳು. ಮಾರನೇ ರಾತ್ರಿ ಗುಂಪಿನ ಜೊತೆ ದನಿ ಸೇರಿಸಿದಳೇ ಹೊರತು ತನ್ನ ಹಾಡನ್ನು ಮತ್ತೆ ಹಾಡಲಿಲ್ಲ.

ಕೇಳಿದವರು ಒಬ್ಬರು. ಸುಮ್ಮನಿದ್ದವರು ನಾವೆಲ್ಲ. ಆ ಮೌನ ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ. ಹೆಣ್ಣು ಹಾಡು ಕಟ್ಟಿದರೆ ಅದರಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡೋರು ಯಾರು? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ: ಹೆಣ್ಣೇ ಬರೆದಳು ಅಂದ ಮಾತ್ರಕ್ಕೆ ಅದು ಹೆಣ್ಣಿನ ಹಾಡಾಗಿಬಿಡುತ್ತದೆಯೆ?

ಈ ಪ್ರಶ್ನೆಗಳನ್ನು ಹಿಡಿದು ನಾವು ಅಮೆರಿಕದ ಹಾಡಿನ ಸಂತೆಗೆ ಹೋಗಿ ಬರಬೇಕಾಗಿದೆ. ಅಷ್ಟು ದೂರ ಯಾಕೆ ಅಂದರೆ, ಬಡ ಹೆಣ್ಣುಮಕ್ಕಳ ದನಿಯನ್ನು ಯಂತ್ರಕ್ಕೆ ಹಾಕಿ, ಸರಕು ಮಾಡಿ, ಲಕ್ಷಗಟ್ಟಲೆ ಮಾರಿದ ವ್ಯಾಪಾರದ ಲೆಕ್ಕ ಅಲ್ಲಿ ಬಿಚ್ಚಿಕೊಂಡು ಬಿದ್ದಿದೆ. ಮೇಲಾಗಿ ಆ ದೇಶದ ಕಪ್ಪು ಜನ ನಮಗೆ ಪರಕೀಯರಲ್ಲ. 1966ರಲ್ಲಿ ಅಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಎತ್ತಿಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಅವರ ಸಿಟ್ಟು ನಮಗೆ ಬಂತು. ಅವರ ಹೆಣ್ಣುಮಕ್ಕಳ ಹಾಡು ಮಾತ್ರ ನಮ್ಮ ತನಕ ಅಷ್ಟಾಗಿ ಬರಲಿಲ್ಲ.

1920ರಲ್ಲಿ ಮಾಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಒಂದು ಬ್ಲೂಸ್ ಹಾಡು ಗ್ರಾಮಫೋನ್ ಪ್ಲೇಟಾಗಿ ಬಂತು. ಬರೆದವನು ಗಂಡಸು, ಪೆರಿ ಬ್ರಾಡ್‌ಫರ್ಡ್. ಪ್ಲೇಟು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕಪ್ಪು ಜನರ ಜೇಬಿನಲ್ಲೂ ದುಡ್ಡಿದೆ ಅನ್ನೋದು ಕಂಪೆನಿಗಳಿಗೆ ಆವಾಗ ಹೊಳೆಯಿತು. ಆದರೆ ಆ ಪ್ಲೇಟುಗಳನ್ನು ಬಿಳಿಯರ ಪ್ಲೇಟುಗಳ ಜೊತೆ ಇಡಲಿಲ್ಲ. 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ ಮಾಡಿದರು. ನಮ್ಮೂರ ಹೋಟೆಲಿನಲ್ಲಿ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸು ಒಂದೇ ಗಲ್ಲಾಪೆಟ್ಟಿಗೆಗೆ, ಲೋಟ ಮಾತ್ರ ಬೇರೆ.

ಆ ಬೇರೆ ಲೋಟದಲ್ಲಿ ಏನಿತ್ತು? ಆ ಕಾಲದ ಬಿಳಿಯರ ಜನಪ್ರಿಯ ಹಾಡುಗಳಲ್ಲಿ ಹೆಣ್ಣು ಅಂದರೆ ಬಹುಮಟ್ಟಿಗೆ ಕಾಯುವವಳು, ಇಲ್ಲಾ ಮದುವೆಯಾಗುವವಳು, ಇಲ್ಲಾ ತೊಟ್ಟಿಲು ತೂಗುವವಳು. ಮಾ ರೇನಿ, ಬೆಸ್ಸಿ ಸ್ಮಿತ್ ಇವರ ಹಾಡುಗಳಲ್ಲಿ ಗಂಡ, ತೊಟ್ಟಿಲು, ಸಂಸಾರದ ಸುಖ ಹುಡುಕಿದರೂ ಸಿಗೋದು ಅಪರೂಪ. 1998ರಲ್ಲಿ ಪುಸ್ತಕ ಬರೆದ ಏಂಜೆಲಾ ಡೇವಿಸ್ ಇದನ್ನೇ ಎತ್ತಿ ತೋರಿಸಿದರು. ಬೆಸ್ಸಿ ತಾನೇ ಬರೆದು 1927ರಲ್ಲಿ ಹಾಡಿದ್ದು ನೆರೆ ನೀರಿಗೆ ಮನೆ ಕಳಕೊಂಡವರ ಮೇಲೆ. 1928ರಲ್ಲಿ ಬರೆದದ್ದು ಸಿರಿವಂತನನ್ನು ಎದುರಿಗೆ ನಿಲ್ಲಿಸಿ ಬಡವನ ಪರವಾಗಿ ಕೇಳುವ ಹಾಡು. ಅದೇ ವರ್ಷ ಮಾ ರೇನಿ, ಗಂಡಸಿನ ಉಡುಪು ತೊಟ್ಟು ಹೆಂಗಸರ ಸಂಗ ಬಯಸುವ ಹೆಣ್ಣಿನ ಹಾಡನ್ನು ಬರೆದು ರಾಜಾರೋಷವಾಗಿ ಹಾಡಿದಳು. ಇವರು ಯಾವ ಕಾಲೇಜಿನಲ್ಲೂ ಸ್ತ್ರೀವಾದ ಓದಿದವರಲ್ಲ. ಡೇರೆ ಹಾಕಿ ಊರೂರು ತಿರುಗಿದವರು.

ಹಾಗಂತ ಅವರನ್ನು ಗದ್ದುಗೆಯ ಮೇಲೆ ಕೂರಿಸೋದೂ ಬೇಡ. ಅದೇ ಬಾಯಲ್ಲಿ ಹೊಡೆಯುವ ಗಂಡಸನ್ನು ಬಿಡಲಾರೆ ಅನ್ನುವ ಹಾಡುಗಳೂ ಬಂದಿವೆ. ಕಂಪೆನಿಗಳಂತೂ 'ಲಂಗುಲಗಾಮಿಲ್ಲದ ಕಪ್ಪು ಹೆಣ್ಣು' ಅನ್ನೋದನ್ನೇ ಒಂದು ಹೊಸ ಅಚ್ಚು ಮಾಡಿ ಮಾರಿದವು. ಹೆಣ್ಣಿನ ಧೈರ್ಯ ಮಾರಾಟವಾಯಿತು. ಅದರ ಲಾಭ ಹೆಣ್ಣಿಗೆ ಬರಲಿಲ್ಲ. 1923ರಲ್ಲಿ ಬೆಸ್ಸಿಗೆ ಹೆಸರು ತಂದ ಮೊದಲ ಹಾಡಿನ ಮಾತು ಆಲ್ಬರ್ಟಾ ಹಂಟರ್‌ದು, ರಾಗ ಲವಿ ಆಸ್ಟಿನ್‌ದು. ಮೂವರೂ ಕಪ್ಪು ಹೆಣ್ಣುಮಕ್ಕಳೇ. ಆದರೆ ಪ್ಲೇಟಿನ ಕಂಪೆನಿ ಬೆಸ್ಸಿಗೆ ಕೊಟ್ಟದ್ದು ಹಾಡಿಗಿಷ್ಟು ಅಂತ ಕೂಲಿ, ಮಾರಾಟದಲ್ಲಿ ಪಾಲಿಲ್ಲ. 1937ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ ಅವಳ ಸಮಾಧಿಗೆ ಒಂದು ಕಲ್ಲು ಬಿದ್ದದ್ದು 1970ರಲ್ಲಿ. ಕಾಸು ಕೊಟ್ಟವರಲ್ಲಿ ಒಬ್ಬಳು ಗಾಯಕಿ ಜಾನಿಸ್ ಜಾಪ್ಲಿನ್. ಇನ್ನೊಬ್ಬಳು, ಸಣ್ಣವಳಿದ್ದಾಗ ಬೆಸ್ಸಿಯ ಮನೆಯ ನೆಲ ಒರೆಸುತ್ತಿದ್ದ ಹೆಣ್ಣುಮಗಳು.

ನೆಲ ಒರೆಸುವ ಮಾತು ಬಂದಾಗ ಎಲಿಜಬೆತ್ ಕಾಟನ್ ನೆನಪಾಗುತ್ತಾಳೆ. ಉತ್ತರ ಕೆರೊಲಿನಾದ ಕಪ್ಪು ಹುಡುಗಿ. ಮನೆಗೆಲಸ ಮಾಡಿ ಉಳಿಸಿದ ಕಾಸಿನಲ್ಲಿ ಗಿಟಾರು ಕೊಂಡಳು. ಎಡಚಿಯಾದ್ದರಿಂದ ಅದನ್ನು ತಿರುಗಿಸಿ ಹಿಡಿದು ನುಡಿಸೋದನ್ನು ತಾನೇ ಕಲಿತಳು. ಹನ್ನೆರಡರ ಆಸುಪಾಸಿನಲ್ಲಿ ಒಂದು ಹಾಡು ಕಟ್ಟಿದಳು. ಯಾವುದರ ಮೇಲೆ? ಗೂಡ್ಸ್ ರೈಲಿನ ಮೇಲೆ! ಹೆಣ್ಣು ಏನನ್ನು ಹಾಡಬೇಕು ಅಂತ ಯಾರೂ ಇನ್ನೂ ಪಾಠ ಹೇಳಿರದ ವಯಸ್ಸು ಅದು. ಆಮೇಲೆ ಪಾಠ ಹೇಳುವವರು ಬಂದರು. ಇದು ಲೋಕದ ಹಾಡು, ದೇವರಿಗೆ ಆಗಿಬರೋದಲ್ಲ ಅಂದರು ಚರ್ಚಿನವರು. ಮದುವೆ, ಮಗು, ಕಂಡವರ ಮನೆ ಚಾಕರಿ. ಗಿಟಾರು ಹತ್ತಾರು ವರ್ಷ ಮೂಲೆ ಸೇರಿತು. ಮುಂದೆ ಅವಳು ಕೆಲಸಕ್ಕಿದ್ದ ಮನೆಯವರು ಹಾಡುಗಾರರಾಗಿದ್ದರು. ಅವರ ಮಗಳ ಬಾಯಿಂದ ಆ ರೈಲಿನ ಹಾಡು ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಇಬ್ಬರು ಗಂಡಸರು ಅದರ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. 1957ರಲ್ಲಿ ಆ ಹಾಡು ಅಲ್ಲಿ ಮನೆಮಾತಾಗಿದ್ದಾಗ ಕಟ್ಟಿದವಳು ಅಮೆರಿಕದಲ್ಲಿ ಮನೆಗೆಲಸ ಮಾಡುತ್ತಿದ್ದಳು. ಅವಳ ಹೆಸರು ಹಾಡಿಗೆ ವಾಪಸು ಬಂದದ್ದು ಜಗಳವಾಡಿದ ಮೇಲೆ. ತೊಂಬತ್ತು ದಾಟಿದ ಮೇಲೆ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. 1987ರಲ್ಲಿ ತೀರಿಕೊಂಡಳು.

ಈಗ ಬಿಳಿ ಬಡವರ ಕೇರಿಗೆ ಬರೋಣ. ಇಲ್ಲಿ ಇಬ್ಬರು ಹೆಣ್ಣುಮಕ್ಕಳು. ಟ್ಯಾಮಿ ವೈನೆಟ್, ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸಿ ಬೆಳೆದವಳು. ಲೊರೆಟ್ಟಾ ಲಿನ್, ಕೆಂಟಕಿಯ ಕಲ್ಲಿದ್ದಲು ಗಣಿಯ ಕೂಲಿಯ ಮಗಳು. ಹದಿನೈದಕ್ಕೆ ಮದುವೆ, ಇಪ್ಪತ್ತು ತುಂಬುವ ಮೊದಲೇ ನಾಲ್ಕು ಮಕ್ಕಳು. ಇಬ್ಬರೂ ಕಂಟ್ರಿ ಸಂಗೀತದ ಪೇಟೆಯಾದ ನ್ಯಾಶ್‌ವಿಲ್ಲಿಗೆ ಬಂದು ಹೆಸರು ಮಾಡಿದರು.

1968ರಲ್ಲಿ ಟ್ಯಾಮಿ ತನ್ನ ನಿರ್ಮಾಪಕ ಬಿಲ್ಲಿ ಷೆರಿಲ್ ಜೊತೆ ಕೂತು, ಅರ್ಧ ಗಂಟೆಗೂ ಕಡಿಮೆ ಹೊತ್ತಿನಲ್ಲಿ ಒಂದು ಹಾಡು ಬರೆದಳು. ಗಂಡ ತಪ್ಪಿ ನಡೆದರೂ ಕ್ಷಮಿಸಿ ಅವನ ಬೆನ್ನಿಗೆ ನಿಲ್ಲು ಅನ್ನುವ ಹಾಡು. ಕೋಟ್ಯಂತರ ಮಂದಿ ಕೇಳಿದರು. ಆಗ ತಲೆಯೆತ್ತುತ್ತಿದ್ದ ಮಹಿಳಾ ಚಳವಳಿಯವರು ಉಗಿದರು. ಟ್ಯಾಮಿಯ ಬದುಕು ನೋಡಿದರೆ ಐದು ಮದುವೆ. ಅಷ್ಟು ಹೆಸರು ಬಂದ ಮೇಲೂ ತನ್ನ ಹಳೆಯ ಕಸುಬಾದ ಕೂದಲು ಕತ್ತರಿಸುವ ಕೆಲಸದ ಲೈಸೆನ್ಸನ್ನು ಅವಳು ನವೀಕರಿಸುತ್ತಲೇ ಇದ್ದಳು, ಹಾಡು ಕೈಕೊಟ್ಟರೆ ಇರಲಿ ಅಂತ. ಗಂಡನನ್ನು ನಂಬಿ ಇರು ಅಂತ ಲೋಕಕ್ಕೆ ಹಾಡಿದವಳು ತಾನು ನಂಬಿದ್ದು ಕತ್ತರಿಯನ್ನು.

ಲೊರೆಟ್ಟಾ ಬೇರೆ ಥರದವಳು. ಕುಡಿದು ಬಂದು ಮೈಮೇಲೆ ಬೀಳಬೇಡ ಅಂತ ಗಂಡನಿಗೆ ಹೇಳುವ ಹಾಡನ್ನು ತಂಗಿಯ ಜೊತೆ ಬರೆದು 1966ರಲ್ಲಿ ಹೊರಗೆ ತಂದಳು. ಗಂಡ ಬಿಟ್ಟವಳನ್ನು ಊರಿನ ಕಣ್ಣು ಹೇಗೆ ನೋಡುತ್ತದೆ ಅಂತ 1972ರಲ್ಲಿ ಬರೆದಳು. ಗರ್ಭನಿರೋಧಕ ಮಾತ್ರೆಯ ಮೇಲಿನ ಹಾಡನ್ನು ಅವಳು 1972ರಲ್ಲೇ ಹಾಡಿ ಮುಗಿಸಿದ್ದರೂ ಕಂಪೆನಿ ಹೊರಗೆ ಬಿಟ್ಟದ್ದು 1975ರಲ್ಲಿ. ಎಷ್ಟೋ ರೇಡಿಯೊ ಕೇಂದ್ರಗಳು ಹಾಕಲೇ ಇಲ್ಲ. ಆದರೂ ಹಳ್ಳಿಗಾಡಿನ ಹೆಂಗಸರು ಹುಡುಕಿಕೊಂಡು ಹೋಗಿ ಕೇಳಿದರು.

ಇದೇ ಲೊರೆಟ್ಟಾ 1968ರಲ್ಲಿ ಬರೆದ ಇನ್ನೊಂದು ಹಾಡಿನಲ್ಲಿ ಗಂಡನ ಹಿಂದೆ ಬಿದ್ದ ಹೆಂಗಸಿಗೆ ಗುದ್ದುತ್ತೇನೆ ಅಂತ ತೋಳು ಏರಿಸುತ್ತಾಳೆ. ಹಾದಿ ತಪ್ಪಿದ ಗಂಡನಿಗೆ ಗುದ್ದಿಲ್ಲ! ನಮ್ಮ ಬೀಸುವ ಪದಗಳಲ್ಲೂ ಹೀಗೇ. ಸವತಿಗೆ ಶಾಪ, ಅತ್ತೆಗೆ ಚುಚ್ಚು, ನಾದಿನಿಗೆ ಕೊಂಕು. ಹೆಣ್ಣಿಗೆ ಹೆಣ್ಣೇ ಶತ್ರು ಅಂತ ಇದನ್ನು ನೋಡಿ ನಗುವ ಗಂಡಸರಿದ್ದಾರೆ. ನಾವು ಕೇಳುತ್ತೇವೆ: ಮನೆ ಅವನದು, ಅನ್ನ ಅವನದು, ಹೊಲದ ಪತ್ರ ಅವನ ಹೆಸರಿನಲ್ಲಿ. ಅವನ ಮೇಲೆ ಕೈ ಎತ್ತಿದರೆ ರಾತ್ರಿ ಮಲಗೋದೆಲ್ಲಿ? ಏಟು ಬೀಳೋದು ಕೈಗೆ ಎಟುಕಿದವರ ಮೇಲೆ. ಮೇಲಿನವನ ಮೇಲೆ ಎತ್ತಲಾರದ ಕೈಯನ್ನು ಪಕ್ಕದವನ ಮೇಲೆ ಎತ್ತೋದನ್ನು ಹೊಲಗೇರಿ ಮಾದಿಗರಕೇರಿಗಳ ನಡುವೆ ನಾವು ಕಂಡಿಲ್ಲವೆ? ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದನ್ನೇ. ಮನೆಯೊಳಗೂ ಅದೇ ಏಣಿ ಇದೆ. ಸವತಿಯ ಹಾಡು ಆ ಏಣಿಯ ಮೇಲೆ ನಿಂತವಳ ಹಾಡು.

ಹಾಗಾದರೆ ಎಲ್ಲ ಹಾಡೂ ಸರಿಯೆ? ಬಡವಿ ಬರೆದಳು ಅಂತ ಎಲ್ಲಕ್ಕೂ ತಲೆದೂಗಬೇಕೆ? ಖಂಡಿತ ಇಲ್ಲ. ಮೀಸಲು ಕ್ಷೇತ್ರದಿಂದ ಗೆದ್ದ ನಮ್ಮವನೇ ಜಮೀನ್ದಾರನ ಕಾಗದಕ್ಕೆ ರುಜು ಹಾಕಿದರೆ ಆ ರುಜು ನಮ್ಮದಾಗುತ್ತದೆಯೆ? ತಾಳಿಕೊಂಡು ಹೋಗೋದೇ ಹೆಣ್ಣಿನ ಧರ್ಮ ಅನ್ನುವ ಹಾಡು ಹೆಣ್ಣಿನ ಕೈಯಿಂದ ಬಂದರೂ ಕೇಳುವ ಹೆಣ್ಣಿಗೆ ಸಂಕೋಲೆಯೇ. ಹಾಡನ್ನು ಪ್ರಶ್ನೆ ಮಾಡಲೇಬೇಕು. ಆದರೆ ಬರೆದವಳನ್ನು ಕಟಕಟೆಗೆ ನಿಲ್ಲಿಸುವ ಮೊದಲು ಅವಳ ಪಕ್ಕದಲ್ಲಿ ಯಾರು ಕೂತಿದ್ದರು, ಯಾವ ಹಾಡಿಗೆ ದುಡ್ಡು ಸಿಗುತ್ತಿತ್ತು, ಯಾವುದನ್ನು ಮೂರು ವರ್ಷ ಬೀರುವಿನಲ್ಲಿ ಇಟ್ಟಿದ್ದರು ಅನ್ನೋದನ್ನೂ ಕೇಳಬೇಕು. ಅದೇ ಕಂಟ್ರಿ ಪೇಟೆಯ ಡಾಲಿ ಪಾರ್ಟನ್, 1974ರಲ್ಲಿ ಬಂದ ತನ್ನ ಒಂದು ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಬೇಕಾದರೆ ಅರ್ಧ ಹಕ್ಕು ಬಿಟ್ಟುಕೊಡು ಅಂತ ಅವನ ಮ್ಯಾನೇಜರ್ ಕೇಳಿದಾಗ ಒಪ್ಪಲಿಲ್ಲ. ಹಾಡು ಹಳೆಯ ಅಚ್ಚಿನ ಪ್ರೇಮದ್ದೇ. ಆದರೆ ಹಕ್ಕು ಕೈಯಲ್ಲಿ ಉಳಿಯಿತು. ಹಕ್ಕು ಕೈಯಲ್ಲಿದ್ದವಳು ನಾಳೆ ಬೇರೆ ಹಾಡನ್ನೂ ಬರೆಯಬಲ್ಲಳು.

ನಮ್ಮ ಕಡೆಗೆ ತಿರುಗೋಣ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರ ಹಾಡು ಬರೆದುಕೊಂಡದ್ದು ದೊಡ್ಡ ಕೆಲಸ, ಅನುಮಾನವಿಲ್ಲ. 1931ರಲ್ಲಿ ಅದು ಪುಸ್ತಕವಾದಾಗ ಇಟ್ಟ ಹೆಸರು 'ಗರತಿಯ ಹಾಡು'. ಯಾಕೆ ಗರತಿ? ಗರತಿ ಅಲ್ಲದವಳು ಬೀಸಲಿಲ್ಲವೆ, ಕುಟ್ಟಲಿಲ್ಲವೆ, ನಾಟಿಗೆ ಬಗ್ಗಿ ಹಾಡಲಿಲ್ಲವೆ? ಹನ್ನೆರಡನೇ ಶತಮಾನಕ್ಕೆ ಹೋದರೂ ಇದೇ ಕತೆ. ಅಸ್ಪೃಶ್ಯರ ಕೇರಿಯಿಂದ ಬಂದು ವಚನ ಬರೆದ ಕಾಳವ್ವೆಯನ್ನು ಗುರುತಿಸೋದು 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ' ಅಂತ. ಹಾಡು ಅವಳದು, ಹಣೆಪಟ್ಟಿ ಊರಿನದು. ನಮ್ಮ ಸಿನಿಮಾ ಹಾಡುಗಳಲ್ಲಂತೂ ಹೆಣ್ಣಿನ ಎದೆಯ ಮಾತನ್ನು ಹೆಚ್ಚಾಗಿ ಬರೆದುಕೊಟ್ಟದ್ದು ಗಂಡಸರೇ.

ನಾವೇನು ಕಡಿಮೆ? ಪುರೋಹಿತಶಾಹಿ ಗರತಿ ಬೇಕು ಅಂದಿತು. ಬಂಡವಾಳಶಾಹಿ ಬಿನ್ನಾಣಗಿತ್ತಿ ಬೇಕು ಅಂದಿತು. ನಾವು ಕುಡುಗೋಲು ಹಿಡಿದ ಅವ್ವ ಬೇಕು, ಇಲ್ಲವೆ ಮಾನ ಕಳೆದುಕೊಂಡು ಅಳುವ ತಂಗಿ ಬೇಕು ಅಂದೆವು. ನಮ್ಮ ಅಚ್ಚಿನ ಉದ್ದೇಶ ಒಳ್ಳೆಯದಿರಬಹುದು, ಅಚ್ಚು ಅಚ್ಚೇ. ಕಾವ್ಯ ಖಡ್ಗವಾಗಬೇಕು ಅಂತ ನಾವು ಹೇಳಿದ್ದು ನಿಜ. ಆ ಖಡ್ಗವನ್ನು ಒಬ್ಬ ಹುಡುಗಿಯ ಗಂಟಲಿನ ಮುಂದೆ ಹಿಡಿಯಲಿಕ್ಕಲ್ಲ.

ಈಗ ಆ ಬಸ್ಸಿನ ಹಾಡಿನ ಅರ್ಥ ನಮಗೆ ಸ್ವಲ್ಪ ಆಗುತ್ತಿದೆ. ಅವಳ ಅಜ್ಜಿ ಗೌಡನ ಹೊಲದ ಬದು ದಾಟಿದವಳಲ್ಲ. ಅವಳ ಅವ್ವ ಬಸ್ಸು ಹತ್ತಿದ್ದು ತವರಿಗೆ, ಆಸ್ಪತ್ರೆಗೆ, ಅದೂ ನಿಂತುಕೊಂಡೇ. ಇವಳು ಒಬ್ಬಳೇ ಟಿಕೀಟು ತಗೊಂಡು ಕಿಟಕಿ ಪಕ್ಕ ಕೂತಿದ್ದಳು. ಹೋರಾಟ ಎಲ್ಲಿದೆ ಅಂತ ಕೇಳಿದೆವಲ್ಲ, ಅದು ಆ ಸೀಟಿನ ಮೇಲೇ ಕೂತಿತ್ತು. ಕೂತಿರದೆ ಇದ್ದರೂ, ಅದು ಬರೀ ಬೆಳಗಿನ ಗಾಳಿಯ ಹಾಡಾಗಿದ್ದರೂ, ಅವಳಿಗೆ ಅದನ್ನು ಹಾಡುವ ಹಕ್ಕಿತ್ತು.

ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಯಾವುದಾದರೂ ಊರಿನ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಈ ಪತ್ರಿಕೆಯನ್ನು ಓದುತ್ತಿರಲೂಬಹುದು. ತಂಗೀ, ಅವತ್ತು ನಾವು ಸುಮ್ಮನೆ ಕೂತದ್ದು ತಪ್ಪು. ಮುಂದಿನ ಶಿಬಿರಕ್ಕೆ ಬಾ. ತಮಟೆ ಕಾಯಿಸಿ ಇಟ್ಟಿರುತ್ತೇವೆ. ಏನು ಹಾಡಬೇಕು ಅಂತ ಕೇಳೋದಿಲ್ಲ.