ಮಸಿಯ ಕಲೆಯೂ ಮನಸ್ಸಿನ ಅನುಮಾನವೂ

ಕಾಗದದ ಮೇಲೆ ಮಸಿಯನ್ನು ಚೆಲ್ಲಿ, ನಡುವೆ ಮಡಿಸಿ ಬಿಡಿಸಿದರೆ ಎರಡು ಪಕ್ಕಗಳಲ್ಲಿಯೂ ಸಮನಾದ ಕಲೆಯೊಂದು ಮೂಡುತ್ತದೆ. ಇದೇನಿರಬಹುದೆಂದು ಕೇಳಿದರೆ ಒಬ್ಬನು ಬಾವಲಿಯೆನ್ನುವನು, ಇನ್ನೊಬ್ಬನು ಚಿಟ್ಟೆಯೆನ್ನುವನು. ಇಂತಹ ಉತ್ತರಗಳಿಂದ ಚಿತ್ತದ ಸ್ಥಿತಿಯನ್ನರಿಯಬಹುದೆಂದು ಸ್ವಿಟ್ಸರ್ಲೆಂಡಿನ ವೈದ್ಯನಾದ ಹರ್ಮನ್ ರೋರ್ಷಾಕನು 1921ರಲ್ಲಿ ಹತ್ತು ಚಿತ್ರಗಳೊಡನೆ ಒಂದು ಗ್ರಂಥವನ್ನು ಪ್ರಕಟಿಸಿ, ಮರುವರ್ಷವೇ 37ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದಕ್ಕೂ ಮೊದಲೇ ಜ್ಯೂರಿಕ್ ನಗರದಲ್ಲಿ ಕಾರ್ಲ್ ಯೂಂಗನು ರೋಗಿಗಳಿಗೆ ನೂರು ಪದಗಳನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದಕ್ಕೂ ಥಟ್ಟನೆ ತೋರಿದ ಪದವನ್ನು ಹೇಳಿಸುತ್ತಿದ್ದನು. ಎಲ್ಲಿ ಉತ್ತರವು ತಡವಾಯಿತೋ ಅಲ್ಲಿ ಗೂಢವ್ಯಥೆಯೊಂದು ಅಡಗಿದೆಯೆಂದು ಅವನ ಊಹೆ. ಈ ಪರೀಕ್ಷೆಗಳಿಗೆ ಚಿಕಿತ್ಸೆಯಲ್ಲಿ ಇಂದಿಗೂ ಬೆಲೆಯುಂಟೆ?

ಧೂಮದಿಂದ ಅಗ್ನಿಯನ್ನು ಊಹಿಸಬೇಕಾದರೆ ಧೂಮವಿದ್ದಲ್ಲೆಲ್ಲ ಅಗ್ನಿಯುಂಟೆಂಬ ವ್ಯಾಪ್ತಿಯು ಮೊದಲು ಸಿದ್ಧವಾಗಿರಬೇಕೆಂದು ನೈಯಾಯಿಕರು ಹೇಳುವರು. ಕಲೆಗಳ ಉತ್ತರಗಳನ್ನು ಎಣಿಸುವ ವಿಧಿಗಳನ್ನು ಅಮೆರಿಕದ ಎಕ್ಸ್ನರನು 1974ರಲ್ಲಿ ಕ್ರಮಪಡಿಸಿದನು. ಆದರೆ ಆ ವಿಧಿಗಳಂತೆ ನೋಡಿದರೆ ಸ್ವಸ್ಥರಲ್ಲಿಯೂ ಅನೇಕರು ರೋಗಿಗಳಂತೆ ತೋರುವರೆಂಬ ಆಕ್ಷೇಪವು ಬಂದಿತು. ಎಣಿಕೆಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲವೆಂದು 2000ದಲ್ಲಿ ಲಿಲಿಯೆನ್‌ಫೆಲ್ಡ್ ಮೊದಲಾದವರು ವಾದಿಸಿದರು. 2013ರಲ್ಲಿ ಮಿಹುರಾ ಮೊದಲಾದವರು ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಲಾಗಿ, ಗ್ರಹಣದ ಮತ್ತು ಆಲೋಚನೆಯ ಅಸ್ತವ್ಯಸ್ತತೆಯನ್ನು ಕುರಿತ ಎಣಿಕೆಗಳು ಗಟ್ಟಿಯಾಗಿ ನಿಂತವು. ಉಳಿದವುಗಳಲ್ಲಿ ಅನೇಕವು ನಿಲ್ಲಲಿಲ್ಲ. ಇದು ನಮಗೆ ಆಶ್ಚರ್ಯವೆನಿಸದು. ಯಾರ ಗ್ರಹಣವು ಕೆಟ್ಟಿದೆಯೋ ಅವನು ಕಲೆಯನ್ನೂ ಕೆಟ್ಟೇ ಗ್ರಹಿಸುವನು. ಅಲ್ಲಿ ವಿಕಾರವೇ ಕಣ್ಣೆದುರಿಗಿದೆ, ಅನುಮಾನದ ಶ್ರಮವೇ ಇಲ್ಲ. ಬಾವಲಿಯನ್ನು ಕಂಡವನಿಗೆ ತಾಯಿಯ ಮೇಲೆ ದ್ವೇಷವೆಂದು ಯಾರಾದರೂ ಹೇಳಿದರೆ ಮಾತ್ರ, ವ್ಯಾಪ್ತಿಯೆಲ್ಲಿ ಎಂದು ಕೇಳಬೇಕಾಗುತ್ತದೆ.

ತಡವರಿಕೆಯ ವಿಷಯದಲ್ಲಿ ನಮ್ಮದೇ ಒಂದು ಅಪರಾಧವನ್ನು ಹೇಳಬೇಕಾಗಿದೆ. ಅಮರಕೋಶವನ್ನು ಒಪ್ಪಿಸುತ್ತಿದ್ದ ಬಾಲಕನೊಬ್ಬನು 'ಜನಕ' ಎಂಬ ಪದದ ಬಳಿ ದಿನವೂ ತಡೆದು ನಿಲ್ಲುತ್ತಿದ್ದನು. ಮನೆಯಲ್ಲಿ ತಂದೆಯು ಹೊಡೆಯುತ್ತಿರಬೇಕೆಂದು ನಾವು ಊಹಿಸಿ, ಆ ಗೃಹಸ್ಥನನ್ನು ಕರೆಸಿ, ಹುಡುಗನೆದುರಿಗೇ ನಾಲ್ಕು ಮಾತು ಗದರಿದೆವು. ಆಮೇಲೆ ತಿಳಿದುದೇನೆಂದರೆ, ಹುಡುಗನ ಪುಸ್ತಕದಲ್ಲಿ ಆ ಸಾಲನ್ನು ಗೆದ್ದಲು ತಿಂದಿತ್ತು.

ಅಂದು ಕೆಟ್ಟುದು ಒಂದು ಮನೆಯ ಮಾನವಷ್ಟೆ. ಅಮೆರಿಕದಲ್ಲಿ ದಂಪತಿಗಳು ಬೇರೆಯಾದಾಗ ಮಕ್ಕಳು ಯಾರ ವಶದಲ್ಲಿರಬೇಕೆಂಬ ವ್ಯಾಜ್ಯಗಳಲ್ಲಿಯೂ ಮಸಿಯ ಕಲೆಗಳನ್ನು ಸಾಕ್ಷಿಗೆ ತಂದುದುಂಟು. ನೇರವಾಗಿ ಕೇಳಿದ ಪ್ರಶ್ನೆಗೆ ಉತ್ತರಿಸದಿರುವ ಸ್ವಾತಂತ್ರ್ಯವು ಮನುಷ್ಯನಿಗಿದೆ. ಚಿಟ್ಟೆಯೆಂದವನಿಗಾದರೋ ತಾನು ಏನನ್ನು ಒಪ್ಪಿಸಿದೆನೆಂಬುದೇ ತಿಳಿಯದು. ತಿಳಿಸದೆ ತೆಗೆದುಕೊಂಡುದನ್ನು ಚಿಕಿತ್ಸೆಯ ಹೆಸರಿನಿಂದ ಶುದ್ಧಗೊಳಿಸಬಹುದೆ?

ಮಾತೇ ಹೊರಡದ ರೋಗಿಯು ಚಿತ್ರದ ನೆಪದಿಂದ ಬಾಯಿಬಿಡುವನಲ್ಲವೆ ಎಂದು ಕೆಲವರು ಹೇಳಬಹುದು. ಒಪ್ಪಿದೆವು. ಅಲ್ಲಿ ಅದಕ್ಕೆ ಬೆಲೆಯುಂಟು. ಆದರೆ ಆ ಬೆಲೆಯು ಮುಂದೆ ನಡೆಯುವ ಸಂಭಾಷಣೆಯದು, ಮಸಿಯದಲ್ಲ. ಆಕಾಶದ ಮೋಡವನ್ನು ತೋರಿಸಿದರೂ ಆ ಕೆಲಸವು ನಡೆದೀತು. ವೈದ್ಯನು ತನ್ನ ಊಹೆಯನ್ನು ರೋಗಿಯ ಮುಂದಿಟ್ಟು, ಹೀಗೆ ಹೌದೆ ಎಂದು ಕೇಳಲಿ. ಅಲ್ಲವೆಂದರೆ ಆ ಅಲ್ಲವೆಂಬ ಮಾತನ್ನೂ ವ್ಯಾಧಿಯ ಲಕ್ಷಣವೆಂದು ಬರೆದುಕೊಳ್ಳದಿರಲಿ. ಅಂದು ಆ ಗೃಹಸ್ಥನೂ ಅಲ್ಲವೆಂದೇ ಹೇಳಿದ್ದನು, ನಾವು ಕೇಳಲಿಲ್ಲ.